ಆಫೀಸಿಗೆ ನಾಯಿ ಕರೆತರಬಹುದಾ? ಉತ್ತರ ‘ಬೇಡ’ ಅನ್ನುವವರ ಹತ್ತಿರ ಇದೆ

ಆಫೀಸಿಗೆ ನಾಯಿಯನ್ನು ಕರೆತರಲು ಬಿಡಬೇಕಾ ಬೇಡವಾ ಅನ್ನೋ ಚರ್ಚೆ ಶುರುವಾದರೆ, ಎರಡೇ ನಿಮಿಷದಲ್ಲಿ ಅದು ನಾಯಿ ಒಳ್ಳೆಯದಾ ಕೆಟ್ಟದ್ದಾ ಅನ್ನೋ ಜಗಳವಾಗಿಬಿಡುತ್ತದೆ. ನಾಯಿ ಅಂದರೆ ಪ್ರಾಣ ಅನ್ನುವವರು ಒಂದು ಕಡೆ, ಹತ್ತಿರ ಬಂದರೆ ಸಾಕು ಮೈ ಬಿಗಿಯಾಗುವವರು ಇನ್ನೊಂದು ಕಡೆ. ಇಬ್ಬರೂ ತಮ್ಮ ತಮ್ಮ ಅನುಭವ ಹೇಳುತ್ತಾರೆ, ಯಾರೂ ಯಾರ ಮಾತನ್ನೂ ಒಪ್ಪುವುದಿಲ್ಲ. ಆದರೆ ಆಫೀಸಿನ ಪ್ರಶ್ನೆಯೇ ಬೇರೆ. ನಾಯಿ ಎಷ್ಟೇ ಒಳ್ಳೆಯದಿರಲಿ, ಅದು ಬಂದು ಮಲಗುವ ಜಾಗದಲ್ಲಿ ಇನ್ನೂ ಹತ್ತಾರು ಜನ ದಿನವಿಡೀ ಕೂತು ಕೆಲಸ ಮಾಡಬೇಕು. ಅವರು ನಾಯಿಯ ಜೊತೆ ಸಮಯ ಕಳೆಯೋಣ ಅಂತ ಬಂದವರಲ್ಲ, ಸಂಬಳಕ್ಕೆ ಬಂದವರು. ಪಾರ್ಕಿನಲ್ಲಿ ನಾಯಿ ಕಂಡರೆ ಎದ್ದು ಬೇರೆ ಬೆಂಚಿಗೆ ಹೋಗಬಹುದು. ಆಫೀಸಿನಲ್ಲಿ ಹಾಗೆ ಎದ್ದು ಹೋಗೋಕೆ ಆಗಲ್ಲ.

ನಾನು ನಾಯಿಗಳ ಪರವೇ. ನಾಯಿ ಕಾಲ ಹತ್ತಿರ ಮಲಗಿದ್ದರೆ ಮನಸ್ಸು ಎಷ್ಟು ಹಗುರಾಗುತ್ತದೆ ಅನ್ನೋದನ್ನು ಸಾಕಿದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ನನಗೆ ಅನಿಸೋದು ಇಷ್ಟು: ಬೇಡ ಅನ್ನುವವರು ಯಾವ ಅಳುಕೂ ಇಲ್ಲದೆ ಬೇಡ ಅನ್ನಬಹುದಾದ ಆಫೀಸಿಗೆ ಮಾತ್ರ ನಾಯಿ ಬರಬೇಕು. ಆ ‘ಬೇಡ’ ಅನ್ನುವವರ ಸಾಲಿನಲ್ಲಿ ನಾಯಿಯೂ ಇರಬಹುದು ಅನ್ನೋದನ್ನು ಮರೆಯಬಾರದು.

ಕಂಪನಿಗಳು ಯಾಕೆ ಒಪ್ಪುತ್ತವೆ

ಇದು ಹೊಸದಾಗಿ ಬಂದ ಆಸೆ ಅಲ್ಲ. ನಾಯಿಯನ್ನು ಕೆಲಸಕ್ಕೆ ಕರೆದೊಯ್ಯುವ ದಿನ ಅಂತಲೇ ಒಂದು ದಿನವನ್ನು ಪೆಟ್ ಸಿಟ್ಟರ್ಸ್ ಇಂಟರ್‌ನ್ಯಾಷನಲ್ ಅನ್ನೋ ಸಂಸ್ಥೆ 1999ರಲ್ಲಿ ಶುರು ಮಾಡಿತು. ಈಗಲೂ ಪ್ರತಿ ವರ್ಷ ಜೂನ್‌ನಲ್ಲಿ ಅದು ನಡೆಯುತ್ತದೆ. ಅಮೆಜಾನ್ ಇನ್ನೂ ಸಣ್ಣ ಕಂಪನಿಯಾಗಿದ್ದ ಕಾಲದಲ್ಲೇ ಅಲ್ಲಿನ ಉದ್ಯೋಗಿಗಳು ರೂಫಸ್ ಅನ್ನೋ ಕಾರ್ಗಿ ನಾಯಿಯನ್ನು ದಿನಾ ಆಫೀಸಿಗೆ ಕರೆತರುತ್ತಿದ್ದರು. ವೆಬ್‌ಸೈಟಿನ ಮೊದಮೊದಲ ಕೆಲವು ಪುಟಗಳನ್ನು ಶುರು ಮಾಡುವಾಗ ಮೌಸ್ ಒತ್ತಿದ್ದು ರೂಫಸ್‌ನ ಪಂಜದಿಂದಲೇ ಅಂತ ಆ ಕಂಪನಿ ಇವತ್ತಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ಸಿಯಾಟಲ್‌ನಲ್ಲಿ ಒಂದು ಕಟ್ಟಡಕ್ಕೆ ಅದರ ಹೆಸರಿದೆ. ಗೂಗಲ್ ತನ್ನ ಉದ್ಯೋಗಿಗಳ ನಡವಳಿಕೆ ನಿಯಮಗಳಲ್ಲೇ ನಾಯಿಗಳ ಬಗ್ಗೆ ಬರೆದುಕೊಂಡಿದೆ. ಅದರಲ್ಲಿ ನನಗೆ ಹಿಡಿಸಿದ್ದು ಬೆಕ್ಕಿನ ಮಾತು. ನಮಗೆ ಬೆಕ್ಕೂ ಇಷ್ಟವೇ, ಆದರೆ ಆಫೀಸಿಗೆ ಬಂದರೆ ಬೆಕ್ಕಿಗೇ ಕಷ್ಟವಾಗಬಹುದು ಅನ್ನುವ ಅರ್ಥದ ಸಾಲು ಅಲ್ಲಿದೆ. ಬೆಕ್ಕಿನ ಕಡೆಯಿಂದ ಯೋಚಿಸಿದ ಹಾಗೆಯೇ ಒಂದೊಂದು ನಾಯಿಯ ಕಡೆಯಿಂದಲೂ ಯೋಚಿಸಬೇಕು. ಆ ಮಾತಿಗೆ ಆಮೇಲೆ ಬರುತ್ತೇನೆ.

ಕಂಪನಿಗಳಿಗೆ ಇದರಲ್ಲಿ ಲಾಭ ಇದೆ. ಒಳ್ಳೆಯ ಕೆಲಸಗಾರರು ಸಿಗುವುದು ಕಷ್ಟವಾದಾಗ, ‘ನಮ್ಮಲ್ಲಿ ನಾಯಿ ಕರೆತರಬಹುದು’ ಅನ್ನುವುದು ಒಂದು ಆಕರ್ಷಣೆ. ಸಂಬಳ ಜಾಸ್ತಿ ಮಾಡುವುದಕ್ಕಿಂತ ಇದಕ್ಕೆ ಖರ್ಚು ಕಡಿಮೆ. ಇನ್ನೊಂದು ಮಾತನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ: ಮನೆಯಲ್ಲಿ ನಾಯಿ ಒಂಟಿಯಾಗಿ ಕಾಯುತ್ತಿದೆ ಅನ್ನೋ ಚಿಂತೆ ಇಲ್ಲದಿದ್ದರೆ ಉದ್ಯೋಗಿ ಸಂಜೆ ಬೇಗ ಏಳುವುದಿಲ್ಲ. ಅದು ಯಾರಿಗೆ ಲಾಭ ಅನ್ನೋದನ್ನು ಉದ್ಯೋಗಿಗಳು ತಾವೇ ಒಮ್ಮೆ ಯೋಚಿಸಬೇಕು.

ಒತ್ತಡ ಕಡಿಮೆಯಾಗುತ್ತದಾ? ಹೌದು, ಆದರೆ ಯಾರದ್ದು?

ನಾಯಿ ಹತ್ತಿರ ಇದ್ದರೆ ಒತ್ತಡ ಇಳಿಯುತ್ತದೆ ಅನ್ನುವುದಕ್ಕೆ ಒಳ್ಳೆಯ ಪುರಾವೆಗಳಿವೆ. ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಾಯಿ ಬೆಕ್ಕುಗಳನ್ನು ಬರೀ 10 ನಿಮಿಷ ಮುಟ್ಟಿ ಸವರಿದ ವಿದ್ಯಾರ್ಥಿಗಳ ಜೊಲ್ಲಿನಲ್ಲಿ ಕಾರ್ಟಿಸಾಲ್ ಪ್ರಮಾಣ ಇಳಿದಿತ್ತು. ಕಾರ್ಟಿಸಾಲ್ ಅಂದರೆ ನಮ್ಮ ದೇಹ ಒತ್ತಡದಲ್ಲಿದ್ದಾಗ ಹೆಚ್ಚಾಗುವ ಹಾರ್ಮೋನು. 2015ರಲ್ಲಿ ಜಪಾನಿನ ಸಂಶೋಧಕರು ಇನ್ನೊಂದು ಚೆಂದದ ಸಂಗತಿ ಕಂಡುಕೊಂಡರು. ನಾಯಿಯೂ ಅದನ್ನು ಸಾಕಿದವರೂ ಒಬ್ಬರ ಕಣ್ಣನ್ನು ಒಬ್ಬರು ನೋಡುತ್ತಾ ಕೂತರೆ ಇಬ್ಬರಲ್ಲೂ ಆಕ್ಸಿಟೋಸಿನ್ ಹೆಚ್ಚಾಗುತ್ತದೆ. ತಾಯಿ ಮಗುವಿನ ನಡುವೆ ಪ್ರೀತಿ ಗಟ್ಟಿಯಾಗಲು ಕಾರಣವಾಗುವ ಹಾರ್ಮೋನು ಅದೇ.

ಇವೆರಡೂ ಆಫೀಸಿನಲ್ಲಿ ನಡೆದ ಅಧ್ಯಯನಗಳಲ್ಲ. ಆಫೀಸಿನಲ್ಲೇ ನಡೆದದ್ದು ಅಂದರೆ 2012ರಲ್ಲಿ ವರ್ಜೀನಿಯಾ ಕಾಮನ್‌ವೆಲ್ತ್ ವಿಶ್ವವಿದ್ಯಾಲಯದ ರಾಂಡಾಲ್ಫ್ ಬಾರ್ಕರ್ ಮತ್ತು ಜೊತೆಗಾರರು ಪ್ರಕಟಿಸಿದ್ದು. ಈ ಚರ್ಚೆ ಬಂದಾಗಲೆಲ್ಲ ಎಲ್ಲರೂ ಇದನ್ನೇ ಎತ್ತಿಕೊಳ್ಳುತ್ತಾರೆ, ಹಾಗಾಗಿ ಸ್ವಲ್ಪ ಹತ್ತಿರದಿಂದ ನೋಡಬೇಕು. ನಾರ್ತ್ ಕರೊಲಿನಾದ ರಿಪ್ಲೇಸ್‌ಮೆಂಟ್ಸ್ ಅನ್ನೋ ಕಂಪನಿಯಲ್ಲಿ ಒಂದು ವಾರ ಇದು ನಡೆಯಿತು. ಪಿಂಗಾಣಿ ತಟ್ಟೆ ಬಟ್ಟಲು ಮಾರುವ ಕಂಪನಿ ಅದು. ಉದ್ಯೋಗಿಗಳಲ್ಲಿ ಮೂರು ಗುಂಪು: ನಾಯಿಯನ್ನು ಆಫೀಸಿಗೆ ತರುವವರು, ನಾಯಿ ಇದ್ದರೂ ಮನೆಯಲ್ಲೇ ಬಿಟ್ಟು ಬರುವವರು, ಯಾವ ಸಾಕುಪ್ರಾಣಿಯೂ ಇಲ್ಲದವರು. ಬೆಳಿಗ್ಗೆ ಮೂರೂ ಗುಂಪು ಹೇಳಿಕೊಂಡ ಒತ್ತಡ ಹೆಚ್ಚುಕಡಿಮೆ ಒಂದೇ ಇತ್ತು. ಹೊತ್ತು ಕಳೆದ ಹಾಗೆ ನಾಯಿ ಜೊತೆಗಿದ್ದವರದ್ದು ಇಳಿಯಿತು. ಉಳಿದ ಎರಡೂ ಗುಂಪಿನವರದ್ದು ಏರಿತು. ನಾಯಿ ತರುವವರೇ ಯಾವತ್ತಾದರೂ ಅದನ್ನು ಬಿಟ್ಟು ಬಂದರೆ ಅವತ್ತು ಅವರ ಒತ್ತಡವೂ ಏರುತ್ತಿತ್ತು.

ಇದನ್ನು ಓದಿ ‘ನೋಡಿ, ನಾಯಿ ಬಂದರೆ ಆಫೀಸೇ ಶಾಂತ’ ಅನ್ನುವವರು ಅರ್ಧ ಮಾತ್ರ ಓದಿರುತ್ತಾರೆ. ಒತ್ತಡ ಇಳಿದದ್ದು ಸ್ವಂತ ನಾಯಿ ಪಕ್ಕದಲ್ಲಿದ್ದವರಿಗೆ. ಅದೇ ಕಟ್ಟಡದಲ್ಲಿ, ಅವೇ ನಾಯಿಗಳು ಓಡಾಡುತ್ತಿದ್ದಾಗ, ಉಳಿದವರಿಗೆ ಆ ಲಾಭ ಸಿಗಲಿಲ್ಲ. ನಾಯಿಗಳಿಂದಲೇ ಅವರ ಒತ್ತಡ ಏರಿತು ಅಂತ ಹೇಳೋಕೆ ಆಗಲ್ಲ, ಕೆಲಸದ ದಿನ ಮುಂದುವರಿದ ಹಾಗೆ ಅದು ಏರುವುದು ಸಹಜವೇ. ಆದರೆ ಲಾಭ ಯಾರ ಕಡೆ ಹರಿಯುತ್ತದೆ ಅನ್ನೋದು ಸ್ಪಷ್ಟ. ಮೇಲಾಗಿ ಇದು ಒಂದೇ ಕಂಪನಿ, ಒಂದೇ ವಾರ, ಅದೂ ನಾಯಿಗಳಿಗೆ ಆಗಲೇ ಬಾಗಿಲು ತೆರೆದಿದ್ದ ಕಂಪನಿ. ನಾಯಿ ಅಂದರೆ ಆಗದವರು ಅಲ್ಲಿ ಕೆಲಸಕ್ಕೆ ಸೇರಿರುವುದೇ ಕಡಿಮೆ ಇರಬಹುದು.

ಇನ್ನು ಪತ್ರಿಕೆಗಳಲ್ಲಿ ಬರುವ ‘ಇಷ್ಟು ಶೇಕಡಾ ಉದ್ಯೋಗಿಗಳಿಗೆ ಆಫೀಸಿನಲ್ಲಿ ನಾಯಿ ಬೇಕಂತೆ’ ಅನ್ನೋ ಸಮೀಕ್ಷೆಗಳು. ಅವುಗಳಲ್ಲಿ ಹಲವನ್ನು ಮಾಡಿಸಿದವರು ನಾಯಿ ಆಹಾರ ಮಾರುವ, ಪ್ರಾಣಿ ಆಸ್ಪತ್ರೆ ನಡೆಸುವ ಕಂಪನಿಗಳು. ಅಂಥ ಅಂಕಿ ಕಂಡರೆ ಮೊದಲು ಕೆಳಗಡೆ ಯಾರ ಹೆಸರಿದೆ ನೋಡಿ.

ಅಲರ್ಜಿಗೆ ಬಹುಮತ ಗೊತ್ತಾಗುವುದಿಲ್ಲ

ಈ ಇಡೀ ವಿಷಯದಲ್ಲಿ ಅತಿ ಕಡಿಮೆ ಅರ್ಥವಾಗಿರುವುದು ಅಲರ್ಜಿ. ನಾಯಿ ಕೂದಲು ಮೂಗಿಗೆ ಹೋಗಿ ಸೀನು ಬರುತ್ತದೆ, ಕೂದಲು ಗುಡಿಸಿದರೆ ಆಯಿತು ಅಂತ ಬಹಳ ಜನ ಅಂದುಕೊಂಡಿದ್ದಾರೆ. ನಿಜವಾಗಿ ತೊಂದರೆ ಕೊಡುವುದು ಕೂದಲಲ್ಲ, ನಾಯಿಯ ಜೊಲ್ಲಿನಲ್ಲಿ ಮತ್ತು ಚರ್ಮದ ಹೊಟ್ಟಿನಲ್ಲಿ ಇರುವ ಕೆಲವು ಪ್ರೊಟೀನ್‌ಗಳು. ಅವುಗಳಲ್ಲಿ ಮುಖ್ಯವಾದದ್ದಕ್ಕೆ ಕ್ಯಾನ್ ಎಫ್ 1 ಅಂತ ಹೆಸರು. ನಾಯಿ ಮೈ ನೆಕ್ಕಿಕೊಳ್ಳುತ್ತದೆ, ಜೊಲ್ಲು ಒಣಗುತ್ತದೆ, ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಗಾಳಿಗೆ ಸೇರುತ್ತದೆ. ಆ ಕಣಗಳು ಗಂಟೆಗಟ್ಟಲೆ ತೇಲುತ್ತವೆ. ಕಾರ್ಪೆಟ್ಟು, ಸೋಫಾ, ಬಟ್ಟೆಗೆ ಅಂಟಿಕೊಳ್ಳುತ್ತವೆ. ನಾಯಿ ಕಾಲಿಡದ ಶಾಲಾ ಕೊಠಡಿಗಳಲ್ಲೂ ಈ ಪ್ರೊಟೀನ್ ಸಿಕ್ಕಿದೆ. ಮಕ್ಕಳ ಬಟ್ಟೆಯಲ್ಲಿ ಮನೆಯಿಂದ ಬಂದದ್ದು.

ಪ್ರಪಂಚದಲ್ಲಿ ಸುಮಾರು 10ರಿಂದ 20 ಶೇಕಡಾ ಜನಕ್ಕೆ ನಾಯಿ ಅಥವಾ ಬೆಕ್ಕಿನ ಅಲರ್ಜಿ ಇದೆ ಅನ್ನುವುದು ಸಾಮಾನ್ಯವಾಗಿ ಒಪ್ಪಿಕೊಂಡ ಅಂದಾಜು. ಐವತ್ತು ಜನರ ಆಫೀಸಿನಲ್ಲಿ ಅಂಥವರು ಒಬ್ಬರೂ ಇಲ್ಲದಿರುವುದು ಅಪರೂಪ. ಕೆಲವರಿಗೆ ಬರೀ ಮೂಗು ಸುರಿಯಬಹುದು, ಕಣ್ಣು ಕೆಂಪಾಗಬಹುದು. ಅಸ್ತಮಾ ಇರುವವರಿಗೆ ಅದು ಉಬ್ಬಸವಾಗುತ್ತದೆ, ಉಸಿರಿನ ಪ್ರಶ್ನೆಯಾಗುತ್ತದೆ.

‘ನಮ್ಮದು ಅಲರ್ಜಿ ಆಗದ ತಳಿ’ ಅನ್ನೋ ಮಾತನ್ನು ನಂಬಬೇಡಿ. 2012ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ಅಂಥ ಹೆಸರು ಹೊತ್ತ ತಳಿಗಳನ್ನು ಬೇರೆ ನಾಯಿಗಳ ಜೊತೆ ಹೋಲಿಸಿ ನೋಡಿದರು. ಕೂದಲಿನಲ್ಲಿ ಕ್ಯಾನ್ ಎಫ್ 1 ಕಡಿಮೆ ಇರಲಿಲ್ಲ. ಕೂದಲು ಉದುರದ ನಾಯಿಗೂ ಜೊಲ್ಲು ಇದೆ, ಚರ್ಮ ಇದೆ. ಹಾಗೆ ಹೇಳಿ ಮಾರುವವರು ಸುಳ್ಳು ಮಾರುತ್ತಿದ್ದಾರೆ.

ಇದರಿಂದ ಆಫೀಸಿನ ನಿಯಮಗಳಿಗೆ ಏನಾಗುತ್ತದೆ ನೋಡಿ. ‘ಶುಕ್ರವಾರ ಮಾತ್ರ ನಾಯಿ’ ಅನ್ನೋ ನಿಯಮ ಅಲರ್ಜಿ ಇರುವವರಿಗೆ ಯಾವ ಉಪಕಾರವನ್ನೂ ಮಾಡುವುದಿಲ್ಲ, ಸೋಮವಾರವೂ ಅದು ಕಾರ್ಪೆಟ್ಟಿನಲ್ಲಿ ಇರುತ್ತದೆ. ‘ನೀವು ಆ ಮೂಲೆಯಲ್ಲಿ ಕೂತುಕೊಳ್ಳಿ’ ಅನ್ನುವುದೂ ಕೆಲಸ ಮಾಡುವುದಿಲ್ಲ, ಒಂದೇ ಹಾಲಿನ ಗಾಳಿಯನ್ನು ಎಸಿ ಸುತ್ತಿಸುತ್ತಲೇ ಇರುತ್ತದೆ. ಒಬ್ಬರು ಸೇದಿದ ಸಿಗರೇಟಿನ ಹೊಗೆ ಅವರ ಮೇಜಿನ ಹತ್ತಿರವೇ ನಿಲ್ಲುವುದಿಲ್ಲ, ಹಾಗೆ ಇದು. ಕೆಲಸ ಮಾಡುವ ಉಪಾಯ ಅಂದರೆ ನಾಯಿಗಳಿಗೆ ಬೇರೆ ಕೊಠಡಿ, ಬೇರೆ ಗಾಳಿ ವ್ಯವಸ್ಥೆ, ಕಾರ್ಪೆಟ್ಟಿಲ್ಲದ ನೆಲ, ದಿನಾ ಒದ್ದೆ ಬಟ್ಟೆಯಲ್ಲಿ ಒರೆಸುವುದು. ಗಾಳಿ ಶುದ್ಧ ಮಾಡುವ ಹೆಪಾ ಫಿಲ್ಟರ್ ಸ್ವಲ್ಪ ಸಹಾಯ ಮಾಡುತ್ತದೆ, ಪೂರ್ತಿ ಅಲ್ಲ. ಇಷ್ಟು ಮಾಡಲು ಜಾಗವಾಗಲಿ ಮನಸ್ಸಾಗಲಿ ಇಲ್ಲದ ಆಫೀಸಿನಲ್ಲಿ ಅಲರ್ಜಿ ಇರುವವರು ಒಬ್ಬರಿದ್ದರೂ ಉತ್ತರ ‘ಬೇಡ’ ಅಂತಲೇ. ನಲವತ್ತೊಂಬತ್ತು ಜನ ಕೈ ಎತ್ತಿದರೂ ಐವತ್ತನೆಯವರ ಶ್ವಾಸಕೋಶಕ್ಕೆ ಬಹುಮತ ಗೊತ್ತಾಗುವುದಿಲ್ಲ.

ಹೆದರಿಕೆ ಇರುವವರು ಯಾಕೆ ಸುಮ್ಮನಿರುತ್ತಾರೆ

2007ರ ಜನವರಿ. ರಷ್ಯಾದ ಸೋಚಿಯಲ್ಲಿ ವ್ಲಾದಿಮಿರ್ ಪುಟಿನ್ ಮತ್ತು ಜರ್ಮನಿಯ ಚಾನ್ಸಲರ್ ಆಂಗೆಲಾ ಮರ್ಕೆಲ್ ಮಾತುಕತೆಗೆ ಕೂತಿದ್ದರು. ಪುಟಿನ್ ಅವರ ಕಪ್ಪು ಲ್ಯಾಬ್ರಡಾರ್ ಕೋನಿ ಕೋಣೆಯೊಳಗೆ ಬಂತು. ಮರ್ಕೆಲ್ ಅವರಿಗೆ 1995ರಲ್ಲಿ ಒಂದು ನಾಯಿ ಕಚ್ಚಿತ್ತು, ಆಮೇಲಿಂದ ನಾಯಿ ಅಂದರೆ ಭಯ. ಅವತ್ತಿನ ಫೋಟೋ ಈಗಲೂ ಸಿಗುತ್ತದೆ. ನಾಯಿ ಹತ್ತಿರ ಬಂದು ಮೂಸುತ್ತಿದೆ, ಮರ್ಕೆಲ್ ಕುರ್ಚಿಯಲ್ಲಿ ಬಿಗಿಯಾಗಿ ಕೂತಿದ್ದಾರೆ, ತುಟಿ ಬಿಗಿ ಹಿಡಿದಿದ್ದಾರೆ. ಅವರಿಗೆ ಭಯ ಇದೆ ಅಂತ ನನಗೆ ಗೊತ್ತಿರಲಿಲ್ಲ ಅಂತ ಪುಟಿನ್ ಆಮೇಲೆ ಹೇಳಿದರು.

ಒಂದು ದೊಡ್ಡ ದೇಶದ ಮುಖ್ಯಸ್ಥೆಗೇ ಆ ಹೊತ್ತಿನಲ್ಲಿ ‘ದಯವಿಟ್ಟು ನಾಯಿಯನ್ನು ಹೊರಗೆ ಕಳಿಸಿ’ ಅನ್ನುವುದು ಸುಲಭವಾಗಿರಲಿಲ್ಲ. ಹಾಗಿದ್ದ ಮೇಲೆ ಕೆಲಸಕ್ಕೆ ಸೇರಿ ಮೂರು ತಿಂಗಳಾದ ಹುಡುಗಿ ತನ್ನ ಮ್ಯಾನೇಜರ್‌ನ ನಾಯಿಯ ಬಗ್ಗೆ ಹಾಗೆ ಹೇಳುತ್ತಾಳಾ? ಹೇಳಲ್ಲ. ಸುಮ್ನೆ ನಗುತ್ತಾಳೆ. ‘ಎಷ್ಟು ಮುದ್ದಾಗಿದೆ ಅಲ್ವಾ’ ಅಂತಾಳೆ. ಪ್ರಿಂಟರ್ ಹತ್ತಿರ ನಾಯಿ ಮಲಗಿದ್ದರೆ ಪ್ರಿಂಟ್ ತೆಗೆಯುವುದನ್ನು ಮುಂದಕ್ಕೆ ಹಾಕುತ್ತಾಳೆ. ಮೀಟಿಂಗಿನಲ್ಲಿ ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡು ಕೂರುತ್ತಾಳೆ. ಅವಳ ಗಮನದ ಅರ್ಧ ಪಾಲು ಮೇಜಿನ ಕೆಳಗೆ ಇರುತ್ತದೆ. ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಬಿದ್ದರೂ ‘ಏನೂ ಮಾಡಲ್ಲ ಅದು, ತುಂಬಾ ಪಾಪದ್ದು’ ಅನ್ನೋ ಉತ್ತರ ಸಿದ್ಧವಾಗಿರುತ್ತದೆ. ಹೆದರುವವರಿಗೆ ಆ ಮಾತಿನಿಂದ ಯಾವ ಪ್ರಯೋಜನವೂ ಇಲ್ಲ. ಹೆದರಿಕೆ ಈ ನಾಯಿಯಿಂದ ಬಂದದ್ದಲ್ಲ, ಯಾವತ್ತೋ ಒಂದು ನಾಯಿಯಿಂದ ಬಂದು ಮೈಯಲ್ಲಿ ಕೂತದ್ದು.

ಮೌನಂ ಸಮ್ಮತಿ ಲಕ್ಷಣಂ ಅನ್ನೋ ಮಾತು ಆಫೀಸಿಗೆ ಅನ್ವಯಿಸುವುದಿಲ್ಲ. ಅಲ್ಲಿ ಮೌನಕ್ಕೆ ಸಂಬಳ, ಬಡ್ತಿ, ಒಳ್ಳೆಯ ಹೆಸರು ಎಲ್ಲವೂ ತಳುಕು ಹಾಕಿಕೊಂಡಿರುತ್ತದೆ. ಆದ್ದರಿಂದ ಗುಂಪಿನ ಚಾಟ್‌ನಲ್ಲಿ ನಾಯಿಮರಿಯ ಫೋಟೋ ಹಾಕಿ ‘ಯಾರಿಗಾದರೂ ತೊಂದರೆ ಇದೆಯಾ?’ ಅಂತ ಕೇಳಿದರೆ ಅದು ಕೇಳಿದ ಹಾಗಲ್ಲ. ಹೆಸರು ಗೊತ್ತಾಗದ ಹಾಗೆ ಕೇಳಬೇಕು. ಕಾರಣ ಕೇಳಬಾರದು. ಅಲರ್ಜಿಯೋ, ಭಯವೋ, ಧರ್ಮದ ಆಚರಣೆಯೋ, ಸುಮ್ಮನೆ ಇಷ್ಟ ಇಲ್ಲವೋ, ಅದು ಅವರ ಸ್ವಂತ ವಿಷಯ. ಒಮ್ಮೆ ಕೇಳಿ ಬಿಡುವಂಥದ್ದೂ ಅಲ್ಲ. ಹೊಸಬರು ಸೇರಿದಾಗಲೆಲ್ಲ ಮತ್ತೆ ಕೇಳಬೇಕು. ಹೊಸಬರೊಬ್ಬರು ಬೇಡ ಅಂದ ಕಾರಣಕ್ಕೆ ನಾಯಿಗಳನ್ನು ನಿಲ್ಲಿಸಬೇಕಾಗಿ ಬಂದರೆ ಆ ಹೆಸರು ಹೊರಗೆ ಬರಬಾರದು. ಬಂದರೆ ಅವರ ಬಾಳು ಅಲ್ಲಿ ಕಷ್ಟ.

ಬಾಸ್‌ನ ನಾಯಿ ಅನ್ನುವುದು ಇನ್ನೂ ಸೂಕ್ಷ್ಮ. ಅಮೆರಿಕದ ಅಧ್ಯಕ್ಷರಾಗಿದ್ದ ಜೋ ಬೈಡನ್ ಅವರ ಜರ್ಮನ್ ಶೆಫರ್ಡ್ ನಾಯಿ ಕಮಾಂಡರ್ ಶ್ವೇತಭವನದಲ್ಲಿತ್ತು. ಅಧ್ಯಕ್ಷರಿಗೆ ಅದು ಮನೆ, ಅಲ್ಲಿ ಕಾವಲಿರುವ ಸೀಕ್ರೆಟ್ ಸರ್ವೀಸ್‌ನವರಿಗೆ ಕೆಲಸದ ಜಾಗ. 2022ರ ಅಕ್ಟೋಬರ್‌ನಿಂದ 2023ರ ಜುಲೈ ನಡುವೆ ಕಮಾಂಡರ್ ಕನಿಷ್ಠ 24 ಸಲ ಕಚ್ಚಿತ್ತು ಅನ್ನುವುದು ಆಮೇಲೆ ಬಿಡುಗಡೆಯಾದ ದಾಖಲೆಗಳಿಂದ ಗೊತ್ತಾಯಿತು. ನಾಯಿ ಇರುವಾಗ ತಮ್ಮ ಕಾವಲಿನ ರೀತಿಯನ್ನೇ ಬದಲಿಸಿಕೊಳ್ಳಬೇಕಾಯಿತು ಅಂತ ಆ ಸಿಬ್ಬಂದಿ ಬರೆದುಕೊಂಡಿದ್ದಾರೆ. ನಾಯಿಯನ್ನು ಅಲ್ಲಿಂದ ಕಳಿಸಿದ ಸುದ್ದಿ ಬಂದದ್ದು 2023ರ ಅಕ್ಟೋಬರ್‌ನಲ್ಲಿ. ಬಂದೂಕು ಹಿಡಿದು ಕಾಯುವವರಿಗೇ ಅಷ್ಟು ಕಾಲ ಹೊಂದಿಕೊಂಡು ಹೋಗಬೇಕಾಯಿತು, ಕಾರಣ ನಾಯಿ ಯಾರದ್ದು ಅನ್ನುವುದು. ನನ್ನ ಪ್ರಕಾರ ಮೇಲಿನವರು ತಮ್ಮ ನಾಯಿಯನ್ನು ಎಲ್ಲರಿಗಿಂತ ಕೊನೆಗೆ ಕರೆತರಬೇಕು.

ನಾಯಿಗೆ ಇಷ್ಟ ಇದೆಯಾ?

ನನಗೆ ಕಮಾಂಡರ್‌ನ ಕಥೆಯಲ್ಲಿ ಕಚ್ಚಿಸಿಕೊಂಡವರ ಬಗ್ಗೆ ಎಷ್ಟು ಬೇಸರವೋ ಆ ನಾಯಿಯ ಬಗ್ಗೆಯೂ ಅಷ್ಟೇ. ಇಡೀ ದಿನ ಅಪರಿಚಿತರು ಬಂದು ಹೋಗುವ ಕಟ್ಟಡ ಒಂದು ಕಾವಲು ತಳಿಯ ಎಳೆಯ ನಾಯಿಗೆ ತಕ್ಕ ಜಾಗವಾ?

ಆಫೀಸಿನಲ್ಲಿ ಒಂದು ನಾಯಿಯನ್ನು ಅರ್ಧ ಗಂಟೆ ಸುಮ್ಮನೆ ಗಮನಿಸಿ. ಮೇಜಿನ ಕೆಳಗೆ ಚಾಪೆಯ ಮೇಲೆ ಮಲಗಿದೆ. ಯಾರೋ ಕುರ್ಚಿ ಎಳೆದರು, ಕಿವಿ ನಿಮಿರಿತು. ಲಿಫ್ಟಿನ ಗಂಟೆ ಹೊಡೆಯಿತು, ತಲೆ ಎತ್ತಿತು. ಹಾದುಹೋಗುವವರು ಬಗ್ಗಿ ತಲೆ ಸವರಿದರು. ನಾಯಿ ಮುಖ ಆ ಕಡೆ ತಿರುಗಿಸಿತು, ತುಟಿ ಒಮ್ಮೆ ನೆಕ್ಕಿಕೊಂಡಿತು, ಆಕಳಿಸಿತು. ಸವರಿದವರು ‘ಪಾಪ, ನಿದ್ದೆ ಬಂದಿದೆ’ ಅಂದುಕೊಂಡು ಹೋದರು. ತಿನ್ನಲು ಏನೂ ಇಲ್ಲದಾಗ ತುಟಿ ನೆಕ್ಕುವುದು, ನಿದ್ದೆ ಇಲ್ಲದಾಗ ಆಕಳಿಸುವುದು, ಕಣ್ಣಿನ ಬಿಳಿ ಕಾಣುವ ಹಾಗೆ ಓರೆಯಾಗಿ ನೋಡುವುದು, ಬಾಲವನ್ನು ಕಾಲ ಸಂದಿಗೆ ಮುದುರಿಕೊಳ್ಳುವುದು, ಇವೆಲ್ಲ ನಾಯಿ ‘ಸಾಕು, ನನಗೆ ಇದು ಬೇಡ’ ಅನ್ನುವ ರೀತಿ. ಎರಡು ನಿಮಿಷದಲ್ಲಿ ಇನ್ನೊಬ್ಬರು ಬಂದು ಮತ್ತೆ ಸವರುತ್ತಾರೆ. ಬೆಳೆದ ನಾಯಿಗಳೂ ದಿನದ ಅರ್ಧದಷ್ಟು ಹೊತ್ತು ನಿದ್ದೆ ಮಾಡುವ ಪ್ರಾಣಿಗಳು. ಹೀಗೆ ತುಂಡು ತುಂಡು ನಿದ್ದೆಯಲ್ಲಿ ಎಂಟು ಗಂಟೆ ಕಳೆದ ನಾಯಿ ಸಂಜೆ ಮನೆಯಲ್ಲಿ ಗುರ್ ಅಂದರೆ ಅದರ ತಪ್ಪಲ್ಲ.

ಬಾಲ ಅಲ್ಲಾಡಿಸಿದರೆ ಖುಷಿ ಅಂತ ಅಂದುಕೊಳ್ಳುವುದೂ ಪೂರ್ತಿ ಸರಿಯಲ್ಲ. ಇಟಲಿಯ ಸಂಶೋಧಕರು 2007ರಲ್ಲಿ ಕಂಡುಕೊಂಡ ಹಾಗೆ, ಸಾಕಿದವರನ್ನು ಕಂಡಾಗ ನಾಯಿಯ ಬಾಲ ಅದರ ಬಲಕ್ಕೆ ಹೆಚ್ಚು ವಾಲಿ ಆಡುತ್ತದೆ. ಜಬರ್ದಸ್ತಿನ ಅಪರಿಚಿತ ನಾಯಿ ಕಂಡಾಗ ಎಡಕ್ಕೆ ವಾಲುತ್ತದೆ. ಎರಡೂ ಅಲ್ಲಾಡಿಸುವುದೇ. ಬೊಗಳುವ ನಾಯಿ ಕಚ್ಚುವುದಿಲ್ಲ ಅನ್ನೋ ಗಾದೆಯನ್ನೂ ಆಫೀಸಿನಲ್ಲಿ ನೆಚ್ಚಿಕೊಳ್ಳಬೇಡಿ, ಬೊಗಳಿ ಕಚ್ಚುವ ನಾಯಿಗಳಿವೆ. ಗುರ್ ಅಂದಾಗ ಬೈದು ಸುಮ್ಮನಾಗಿಸುವುದು ಅದಕ್ಕಿಂತ ಅಪಾಯ. ಗುರ್ ಅನ್ನುವುದು ಎಚ್ಚರಿಕೆ. ಎಚ್ಚರಿಕೆ ಕೊಟ್ಟರೆ ಬೈಗುಳ ಸಿಗುತ್ತದೆ ಅಂತ ಕಲಿತ ನಾಯಿ ಮುಂದಿನ ಸಲ ಎಚ್ಚರಿಸದೆ ಬಾಯಿ ಹಾಕುತ್ತದೆ.

ನಮ್ಮ ಕಿವಿಗೆ ಸುಮಾರು 20,000 ಹರ್ಟ್ಸ್‌ವರೆಗಿನ ಶಬ್ದ ಕೇಳಿಸಿದರೆ, ನಾಯಿಗೆ 45,000 ಹರ್ಟ್ಸ್‌ನಷ್ಟು ಕೀರಲು ಶಬ್ದವೂ ಕೇಳಿಸುತ್ತದೆ. ಕೆಲವು ಸೆನ್ಸರುಗಳು, ಯಂತ್ರಗಳು ಹೊರಡಿಸುವ ಕೀಚು ನಮಗೆ ಇಲ್ಲವೇ ಇಲ್ಲ, ಅದಕ್ಕೆ ದಿನವಿಡೀ ಇರುತ್ತದೆ. ಮೇಜು, ಬ್ಯಾಗುಗಳಲ್ಲಿ ಅಪಾಯಗಳೂ ಇವೆ. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ ನಾಯಿಗೆ ವಿಷ. ಸಕ್ಕರೆ ಇಲ್ಲದ ಚೂಯಿಂಗ್ ಗಮ್‌ನಲ್ಲಿ ಹಾಕುವ ಕ್ಸೈಲಿಟಾಲ್ ಸ್ವಲ್ಪ ಹೊಟ್ಟೆಗೆ ಹೋದರೂ ರಕ್ತದ ಸಕ್ಕರೆ ಕುಸಿಯುತ್ತದೆ, ಪ್ರಾಣವೇ ಹೋಗಬಹುದು. ತಲೆನೋವಿಗೆ ಇಟ್ಟುಕೊಂಡ ಐಬುಪ್ರೊಫೆನ್ ಮಾತ್ರೆಯೂ ಅಷ್ಟೇ ಅಪಾಯ.

ಹಾಗಾದರೆ ಯಾವ ನಾಯಿ ಸರಿ? ತಳಿ ನೋಡಿ ಪಟ್ಟಿ ಮಾಡುವುದು ಸುಲಭ, ಆದರೆ ಅದರಿಂದ ಹೆಚ್ಚು ಉಪಯೋಗವಿಲ್ಲ. 2022ರಲ್ಲಿ ಪ್ರಕಟವಾದ, 18,000ಕ್ಕೂ ಹೆಚ್ಚು ನಾಯಿಗಳ ಮಾಹಿತಿ ಇದ್ದ ದೊಡ್ಡ ಅಧ್ಯಯನದ ಪ್ರಕಾರ ನಾಯಿ ನಾಯಿಗಳ ನಡುವಿನ ಸ್ವಭಾವದ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು 9 ಶೇಕಡಾ ಅಷ್ಟೇ. ಒಂದೊಂದು ನಾಯಿಯನ್ನೂ ಅದರದ್ದೇ ನಡವಳಿಕೆಯಿಂದ ಅಳೆಯಬೇಕು. ಹೊಸಬರು ಬಂದಾಗ ತಣ್ಣಗಿರುತ್ತದಾ, ಕರೆದರೆ ಬರುತ್ತದಾ, ಬೇರೆ ನಾಯಿಯನ್ನು ಕಂಡರೆ ಹೇಗೆ, ಎರಡು ಗಂಟೆ ಒಂದೇ ಕಡೆ ನೆಮ್ಮದಿಯಿಂದ ಮಲಗುತ್ತದಾ. ಲಸಿಕೆಗಳು ಮುಗಿಯದ ಮರಿಗಳಿಗೆ ಆಫೀಸು ಬೇಡ.

ಸಹಾಯಕ ನಾಯಿಯ ವಿಷಯ ಬೇರೆ

ಕಣ್ಣು ಕಾಣದವರಿಗೆ ದಾರಿ ತೋರುವ, ಮೂರ್ಛೆ ಬಂದಾಗ ನೆರವಾಗುವ ತರಬೇತಿ ಪಡೆದ ನಾಯಿಗಳನ್ನು ಈ ಚರ್ಚೆಯ ಜೊತೆ ಬೆರೆಸಬಾರದು. ಅಮೆರಿಕದಲ್ಲಿ ದಾರಿ ತೋರುವ ನಾಯಿಗಳಿಗೆ ತರಬೇತಿ ಕೊಡುವ ದಿ ಸೀಯಿಂಗ್ ಐ ಸಂಸ್ಥೆ 1929ರಿಂದಲೇ ಇದೆ. 2006ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಪ್ಪಂದ, ಕೆಲಸದ ಜಾಗದಲ್ಲಿ ಅವರಿಗೆ ಬೇಕಾದ ಅನುಕೂಲ ಮಾಡಿಕೊಡಬೇಕು ಅನ್ನುತ್ತದೆ. ಅಂಥ ನಾಯಿ ಸೌಲಭ್ಯ ಅಲ್ಲ, ಅದಿಲ್ಲದೆ ಆ ಮನುಷ್ಯ ಕೆಲಸಕ್ಕೆ ಬರುವುದೇ ಕಷ್ಟ. ಅಲ್ಲಿ ‘ಬರಬಹುದಾ’ ಅಂತ ಓಟು ಹಾಕಿಸುವುದಿಲ್ಲ. ಅದೇ ಆಫೀಸಿನಲ್ಲಿ ಅಲರ್ಜಿ ಇರುವವರಿದ್ದರೆ ಇಬ್ಬರಿಗೂ ಬೇರೆ ಬೇರೆ ಜಾಗ ಮಾಡಿಕೊಟ್ಟು ಇಬ್ಬರನ್ನೂ ಉಳಿಸಿಕೊಳ್ಳುವುದು ಸಂಸ್ಥೆಯ ಕೆಲಸ. ಒಬ್ಬರ ಹೆಸರಿನಲ್ಲಿ ಇನ್ನೊಬ್ಬರನ್ನು ಹೊರಗಿಡುವ ಹಾಗಿಲ್ಲ.

ಒಪ್ಪಿಗೆ ಸಿಕ್ಕಿತು, ಆಮೇಲೆ?

ಯಾರೂ ಬೇಡ ಅನ್ನಲಿಲ್ಲ, ಗಾಳಿ ಬೆಳಕು ಚೆನ್ನಾಗಿದೆ, ಕಟ್ಟಡದ ಮಾಲೀಕರೂ ಒಪ್ಪಿದರು ಅಂತಿಟ್ಟುಕೊಳ್ಳಿ. ಮೊದಲ ಶರತ್ತು ಲಸಿಕೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 59,000 ಜನ ರೇಬೀಸ್‌ನಿಂದ ಸಾಯುತ್ತಾರೆ. ಮನುಷ್ಯರಿಗೆ ಅದು ಬರುವುದು 99 ಶೇಕಡಾ ನಾಯಿಗಳಿಂದಲೇ. ಲಕ್ಷಣ ಕಾಣಿಸಿಕೊಂಡರೆ ಉಳಿಯುವುದು ಇಲ್ಲವೇ ಇಲ್ಲ ಅನ್ನುವಷ್ಟು ಅಪರೂಪ, ಆದರೆ ಲಸಿಕೆಯಿಂದ ಪೂರ್ತಿ ತಡೆಯಬಹುದು. ರೇಬೀಸ್ ಮತ್ತು ಇಲಿಜ್ವರದ ಲಸಿಕೆ, ಜಂತುಹುಳು ಔಷಧಿ, ಉಣ್ಣಿ, ಚಿಗಟಗಳಿಗೆ ಚಿಕಿತ್ಸೆ, ಇವುಗಳ ಪಶುವೈದ್ಯರ ದಾಖಲೆಯನ್ನು ಪ್ರತಿ ವರ್ಷ ನೋಡಬೇಕು. ಕಚ್ಚಿದರೆ ಜವಾಬ್ದಾರಿ ಯಾರದ್ದು, ವಿಮೆ ಇದೆಯಾ ಅನ್ನುವುದು ಮೊದಲೇ ಬರೆದಿರಬೇಕು.

ಗಲೀಜು ಯಾರು ತೆಗೆಯುತ್ತಾರೆ ಅನ್ನೋದು ಸಣ್ಣ ಪ್ರಶ್ನೆ ಅನಿಸುತ್ತದೆ, ಅಲ್ಲ. ನಾಯಿ ನೀತಿ ಮಾಡುವಾಗ ಮೇಜಿನಲ್ಲಿ ಕೂತವರನ್ನೆಲ್ಲ ಕೇಳುತ್ತಾರೆ. ನೆಲ ಒರೆಸುವವರನ್ನು, ರಾತ್ರಿ ಕಾವಲುಗಾರರನ್ನು, ಚಹಾ ಕೊಡುವವರನ್ನು ಯಾರೂ ಕೇಳುವುದಿಲ್ಲ. ಅವರಲ್ಲಿ ಎಷ್ಟೋ ಜನ ಗುತ್ತಿಗೆಯವರು, ಅವರಿಗೆ ಸಮೀಕ್ಷೆಯ ಇಮೇಲ್ ಹೋಗುವುದೇ ಇಲ್ಲ. ಆದರೆ ಸೋಫಾದ ಕೂದಲು ತೆಗೆಯುವುದು, ಮೂಲೆಯಲ್ಲಿ ಮಾಡಿದ ಉಚ್ಚೆ ಒರೆಸುವುದು ಅವರ ಪಾಲಿಗೆ ಬರುತ್ತದೆ. ನಾಯಿಗೆ ಹೇಳಿದರೆ ನಾಯಿ ತನ್ನ ಬಾಲಕ್ಕೆ ಹೇಳಿತಂತೆ ಅನ್ನೋ ಹಾಗೆ ಕೆಲಸ ಕೆಳಗೆ ಕೆಳಗೆ ಜಾರುತ್ತದೆ. ನಿಯಮದಲ್ಲಿ ಸ್ಪಷ್ಟವಾಗಿ ಬರೆಯಿರಿ: ನಾಯಿ ಮಾಡಿದ್ದನ್ನು ನಾಯಿ ತಂದವರೇ ತೆಗೆಯಬೇಕು, ತಕ್ಷಣ. ಹೆಚ್ಚುವರಿ ಸ್ವಚ್ಛತೆ ಬೇಕಾದರೆ ಅದಕ್ಕೆ ಹೆಚ್ಚುವರಿ ಕೂಲಿ ಕೊಡಬೇಕು. ‘ಬೇಡ’ ಅನ್ನುವ ಹಕ್ಕು ಅವರಿಗೂ ಇರಬೇಕು.

ಉಳಿದದ್ದು ಸುಲಭ. ಊಟದ ಕೋಣೆಗೆ, ಮೀಟಿಂಗಿಗೆ ನಾಯಿ ಬೇಡ. ಹಗ್ಗ ಬಿಚ್ಚುವ ಹಾಗಿಲ್ಲ. ಎರಡು ಮೂರು ಗಂಟೆಗೊಮ್ಮೆ ಹೊರಗೆ ಕರೆದೊಯ್ಯಬೇಕು. ಕೇಳದೆ ಯಾರೂ ಮುಟ್ಟಬಾರದು. ಜನ ಬಾರದ ಒಂದು ನೆಮ್ಮದಿಯ ಮೂಲೆ ನಾಯಿಗೆ ಇರಬೇಕು. ಮೊದಲು ಎರಡು ಮೂರು ತಿಂಗಳ ಪ್ರಯೋಗ ಅಂತ ಹೇಳಿ, ಮುಗಿಯುವ ದಿನಾಂಕ ಬರೆದು ಶುರು ಮಾಡಿ. ಒಮ್ಮೆ ಕೊಟ್ಟ ಸೌಲಭ್ಯ ವಾಪಸ್ ಪಡೆಯುವುದು ಎಷ್ಟು ಕಷ್ಟ ಅಂತ ಆಫೀಸು ನಡೆಸುವವರಿಗೆ ಗೊತ್ತು.

ಒಪ್ಪಿಗೆ ಸಿಗದವರ ಕಥೆ? ಅವರಲ್ಲಿ ಹೆಚ್ಚಿನವರಿಗೆ ಬೇಕಾಗಿರುವುದು ಆಫೀಸಿನಲ್ಲಿ ನಾಯಿ ಅಲ್ಲ, ಮನೆಯಲ್ಲಿ ನಾಯಿ ಒಂಟಿಯಾಗಿ ನರಳಬಾರದು ಅನ್ನುವುದು. ಅದಕ್ಕೆ ಆಫೀಸು ಬೇರೆ ರೀತಿ ನೆರವಾಗಬಹುದು. ಮಧ್ಯಾಹ್ನದ ಬಿಡುವು ಸ್ವಲ್ಪ ಉದ್ದ ಮಾಡಬಹುದು, ಹೊಸ ಮರಿ ಬಂದಾಗ ಅಥವಾ ಮುದಿ ನಾಯಿ ಹುಷಾರಿಲ್ಲದಾಗ ಮನೆಯಿಂದಲೇ ಕೆಲಸ ಮಾಡಲು ಬಿಡಬಹುದು. ಮನೆಯಲ್ಲಿ ನೀವು ಮಾಡಬಹುದಾದದ್ದು, ಒಂಟಿತನವನ್ನು ಸ್ವಲ್ಪ ಸ್ವಲ್ಪವಾಗಿ ಅಭ್ಯಾಸ ಮಾಡಿಸುವುದು. ಮೊದಲು ಒಂದು ನಿಮಿಷ ಹೊರಗೆ ಹೋಗಿ ಬನ್ನಿ, ಆಮೇಲೆ ಐದು, ಆಮೇಲೆ ಇಪ್ಪತ್ತು. ಹೋಗುವಾಗಲೂ ಬರುವಾಗಲೂ ದೊಡ್ಡ ಗಲಾಟೆ ಮಾಡಬೇಡಿ. ಹಳೆಯ ಫೋನ್ ಒಂದನ್ನು ಒಂದು ಕಡೆ ಇಟ್ಟು ನೀವು ಹೋದ ಮೇಲಿನ ಮೊದಲ ಅರ್ಧ ಗಂಟೆ ವಿಡಿಯೋ ಮಾಡಿ ನೋಡಿ. ಮಲಗಿ ನಿದ್ದೆ ಹೋಗಿದ್ದರೆ ನೀವು ನೆಮ್ಮದಿಯಾಗಿ ಕೆಲಸಕ್ಕೆ ಹೋಗಬಹುದು. ಬಾಗಿಲು ಪರಚುತ್ತಾ, ಊಳಿಡುತ್ತಾ, ಜೊಲ್ಲು ಸುರಿಸುತ್ತಾ ಓಡಾಡುತ್ತಿದ್ದರೆ ಆ ವಿಡಿಯೋವನ್ನು ಪಶುವೈದ್ಯರಿಗೆ ತೋರಿಸಿ. ಅದಕ್ಕೆ ತರಬೇತಿ ಇದೆ, ಬೇಕಾದರೆ ಔಷಧಿಯೂ ಇದೆ.